ಮಾಯ್ ಮನೆಯ ಸೊಪೊ

ಮಾಯ್ ಹೋದರಂತೆ. ಹೋದ ವಾರ ಅಂಕೋಲೆಯ ಪೇಟೆಯಲ್ಲಿ, ಕಾರವಾರದ ಬಸ್ಸಿನಿಂದ ಇಳಿದ ಹಳೆಯ ಪರಿಚಯದ ಬ್ಯಾಂಡಿನವನೊಬ್ಬ ನನ್ನನ್ನು ಗುರುತು ಹಿಡಿದು ನಿಲ್ಲಿಸಿ ಹೇಳಿದ. ಮಲಗಿ ನರಳಲಿಲ್ಲ, ಸಂಜೆ ಕೂತಲ್ಲೇ ಹೋದರು ಎಂದ. ಎಲ್ಲಿ ಕೂತಿದ್ದರು ಎಂದು ನಾನು ಕೇಳಲಿಲ್ಲ. ಆ ಹೆಂಗಸು ಸಂಜೆ ಹೊತ್ತಿನಲ್ಲಿ ಇನ್ನೆಲ್ಲಿ ಕೂರುವುದು ಸಾಧ್ಯ?

ಅವರಿಗೆ ಉದ್ದವಾದ ಒಂದು ಹೆಸರಿತ್ತು. ಇಗರ್ಜಿಯ ಪಾದ್ರಿ ಬಿಟ್ಟರೆ ಅದನ್ನು ಪೂರ್ತಿ ಕರೆದವರನ್ನು ನಾನು ಕಂಡಿಲ್ಲ. ಓಣಿಗೆಲ್ಲ ಅವರು ಮಾಯ್, ಅಂದರೆ ತಾಯಿ. ಸ್ವಂತ ಮಕ್ಕಳಿರಲಿಲ್ಲ. ನಾನೂ ಮಾಯ್ ಎಂದೇ ಬರೆಯುತ್ತೇನೆ.

ನಾನು ಕಾರವಾರದ ಒಂದು ಖಾಸಗಿ ಶಾಲೆಗೆ ಮಾಸ್ತರನಾಗಿ ಹೋದಾಗ ಉಪ್ಪಿನ ಸತ್ಯಾಗ್ರಹ ಮುಗಿದಿತ್ತು, ಕರನಿರಾಕರಣೆಯ ಬಿಸಿ ಆರಿರಲಿಲ್ಲ. ಅಂಕೋಲೆಯ ಕಡೆ ಹೊಲ ಮನೆ ಜಪ್ತಿಯಾದವರು ದಿಕ್ಕಾಪಾಲಾಗಿದ್ದರು. ನಮ್ಮ ಮನೆತನದ ಗದ್ದೆಗಳೂ ಹೋಗಿದ್ದವು. ಕಾರವಾರದಲ್ಲಿ ಬಾಡಿಗೆಗೆ ಕೋಣೆ ಕೇಳಿಕೊಂಡು ಹೋದರೆ ಮೊದಲು ಊರು ಯಾವುದೆಂದು ಕೇಳುತ್ತಿದ್ದರು, ಅಂಕೋಲೆ ಎಂದೊಡನೆ ಕೋಣೆ ಇನ್ಯಾರಿಗೋ ಮಾತಾಗಿಬಿಟ್ಟಿರುತ್ತಿತ್ತು. ಪೋಲೀಸರು ಬಾಗಿಲಿಗೆ ಬಂದಾರು ಎಂಬ ಭಯ ಅವರದು. ಹಾಗೆ ಅಲೆಯುತ್ತ ಗೋವೆಯ ಕ್ರಿಸ್ತಾಂವರಿದ್ದ ಓಣಿಗೆ ಬಂದೆ. ರಸ್ತೆಯ ಅಂಚಿನ ಒಂದು ಮನೆಯ ಮುಂದೆ, ಕರಿಯ ಸೀರೆಯುಟ್ಟ ದಪ್ಪ ಹೆಂಗಸೊಬ್ಬರು ಗಾರೆಯ ಆಸನದ ಮೇಲೆ ಕೂತು ಪಾಂವು ಎಂಬ ಗೋವೆಯ ರೊಟ್ಟಿಯ ಬುಟ್ಟಿಗೆ ಬಟ್ಟೆ ಮುಚ್ಚುತ್ತಿದ್ದರು.

"ಯಾವೂರು?" ಎಂದರು.

"ಅಂಕೋಲೆ."

"ಉಪ್ಪು ಮಾಡಿದವರಾ?"

ಹೌದೆಂದೆ. ಇಲ್ಲಿಗೂ ಮುಗಿಯಿತು ಎಂದುಕೊಂಡು ಗಂಟು ಎತ್ತಿಕೊಂಡೆ.

"ಹಾಗಾದ್ರೆ ಹಿತ್ತಲ ಕೋಣೆ ಅದೆ. ಕಸ ನೀನೇ ಗುಡಿಸ್ಕಳ್ಳಬೇಕು" ಎಂದರು.

ಅವರ ಕನ್ನಡದಲ್ಲಿ ನೀವು ಎಂಬ ಮಾತೇ ಇರಲಿಲ್ಲ. ಕೊಂಕಣಿಯಿಂದ ಈಚೆಗೆ ಬರುವಾಗ ಅದನ್ನು ದಾರಿಯಲ್ಲಿ ಬಿಟ್ಟುಬಂದಿದ್ದರು. ನನಗೂ ನೀನು, ರಸ್ತೆ ಕಚೇರಿಯ ಓವರ್‌ಸಿಯರನಿಗೂ ನೀನು, ಸಿಟ್ಟು ಬಂದಾಗ ಮೇರಿಮಾತೆಗೂ ನೀನು.

ಗಂಡ ಗೋವೆಯ ಸಾಲಸೇಟೆಯ ಕಡೆಯವರು, ರೊಟ್ಟಿ ಸುಡುವ ಕಸುಬು. ಗೋವೆಯ ಮನೆ ಅಣ್ಣತಮ್ಮಂದಿರ ಪಾಲಾದಾಗ ಹೆಂಡತಿಯನ್ನು ಕಟ್ಟಿಕೊಂಡು ಗಡಿ ದಾಟಿ ಕಾರವಾರಕ್ಕೆ ಬಂದು ಹಿತ್ತಲಲ್ಲಿ ಒಲೆ ಕಟ್ಟಿದರು. ನಾನು ಹೋಗುವಷ್ಟರಲ್ಲಿ ಅವರು ತೀರಿ ಬಹಳ ಕಾಲವಾಗಿತ್ತು. ಒಲೆಯನ್ನು ಮಾಯ್ ನಡೆಸುತ್ತಿದ್ದರು. ಪಾಂವಿನ ಹಿಟ್ಟು ಹುಬ್ಬುವುದಕ್ಕೆ ಕಳ್ಳು ಹಾಕುತ್ತಾರೆಂದು ನಮ್ಮ ಅವ್ವನಿಗೆ ಯಾರೋ ಹೇಳಿ, ಅಲ್ಲಿ ಏನನ್ನೂ ಮುಟ್ಟುವುದಿಲ್ಲವೆಂದು ಅವಳು ನನ್ನಿಂದ ಮಾತು ತೆಗೆದುಕೊಂಡಿದ್ದಳು. ಬೆಳಗಿನ ಜಾವ ಬಿಸಿ ಪಾಂವಿನ ವಾಸನೆ ನನ್ನ ಕೋಣೆಗೆ ನೇರವಾಗಿ ಬರುತ್ತಿತ್ತು. ಒಂದು ದಿನ ತಡೆಯಲಾರದೆ, ಕಳ್ಳು ಹಾಕದ ಪಾಂವು ಮಾಡಲು ಬರುತ್ತದೆಯೇ ಎಂದು ಕೇಳಿದೆ. ಮಾಯ್ ನನ್ನನ್ನು ಒಂದು ಗಳಿಗೆ ನೋಡಿ, ನಾನು ನಿನಗೆ ಕೊಡುತ್ತೇನೆಂದು ಹೇಳಿದ್ದೇ ಇಲ್ಲವಲ್ಲ ಎಂದುಬಿಟ್ಟರು. ಆಮೇಲೆ ಎಷ್ಟೋ ತಿಂಗಳು ಕೊಡಲೂ ಇಲ್ಲ.

ಆ ಮನೆಯ ಮುಂದಿನ ಕಟ್ಟೋಣಕ್ಕೆ ಬಲ್ಕಾಂವ್ ಎನ್ನುತ್ತಿದ್ದರು. ನಮ್ಮ ಜಗಲಿಯ ಜಾತಿಯದೇ, ಆದರೆ ಗೋಡೆಯುದ್ದಕ್ಕೂ ಓಡುವುದಿಲ್ಲ. ಮುಂಬಾಗಿಲಿನ ಎದುರಿಗೆ ಮಾತ್ರ ರಸ್ತೆಯ ಕಡೆ ಚಾಚಿಕೊಂಡಿರುತ್ತದೆ. ಮೇಲೆ ಪುಟ್ಟ ಹಂಚಿನ ಮಾಡು, ಮುಂದೆ ಮೆಟ್ಟಿಲು, ಎರಡೂ ಬದಿಗೆ ಚಿರೆಕಲ್ಲಿನಲ್ಲಿ ಕಟ್ಟಿ ಗಾರೆ ಮಾಡಿದ ಬೆನ್ನಿರುವ ಆಸನಗಳು. ಈ ಆಸನಗಳಿಗೆ ಸೊಪೊ ಎಂದು ಹೆಸರು. ಗಂಡ ತನ್ನ ತಾಯಿಮನೆಯ ಬಲ್ಕಾಂವನ್ನು ನೆನಪಿನಲ್ಲಿಟ್ಟುಕೊಂಡು ಕಟ್ಟಿದ್ದಂತೆ. ಆ ಓಣಿಯಲ್ಲಿ ಗೋವೆಯಿಂದ ಬಂದ ಮನೆಗಳು ಹಲವಿದ್ದವು. ದರ್ಜಿ, ಬ್ಯಾಂಡಿನವರು, ಹಡಗಿನಲ್ಲಿ ಅಡುಗೆ ಮಾಡುವವನ ಹೆಂಡತಿ, ಬಂದರಿನಲ್ಲಿ ಹೊರೆ ಹೊರುವವರು. ಒಬ್ಬೊಬ್ಬರದು ಒಂದೊಂದು ಹಳ್ಳಿ. ಹೆಚ್ಚಿನವರು ಬಾಡಿಗೆ ಕೋಣೆಗಳಲ್ಲಿದ್ದರು, ಮುಂಬಾಗಿಲು ತೆರೆದರೆ ಗಟಾರ. ಬಲ್ಕಾಂವ್ ಇದ್ದದ್ದು ಎರಡು ಮೂರು ಮನೆಗಳಿಗೆ. ಅದರಲ್ಲಿ ಎಲ್ಲರಿಗೂ ತೆರೆದಿದ್ದದ್ದು ಮಾಯ್ ಮನೆಯದು ಒಂದೇ.

ಇಗರ್ಜಿಯ ಸಂಜೆಯ ಗಂಟೆ ಬಾರಿಸಿದರೆ ಒಬ್ಬೊಬ್ಬರೇ ಬರುತ್ತಿದ್ದರು. ಮೊದಲು ಪ್ರಾರ್ಥನೆ, ಆಮೇಲೆ ಮಾತು. ಕಾರವಾರದ ಪೇಟೆಯಲ್ಲೂ ಕೊಂಕಣಿಯೇ, ಆದರೆ ಅದು ಬೇರೆ, ಇವರದು ಬೇರೆ. ಅಲ್ಲಿ ಕೂತಾಗ ಅವರ ನಾಲಿಗೆ ಸಡಿಲಾಗುತ್ತಿತ್ತು. ಒಂದು ಮೀನಿನ ಹೆಸರಿಗೆ, ಒಂದು ಹಾಡಿನ ನುಡಿಗೆ ನಮ್ಮ ಹಳ್ಳಿಯಲ್ಲಿ ಹೀಗೆ, ನಿಮ್ಮಲ್ಲಿ ಹಾಗೆ ಎಂದು ಜಗಳವಾಡುತ್ತಿದ್ದರು. ಜಗಳ ಹತ್ತಿದಷ್ಟೂ ಮಾಯ್‌ಗೆ ಸಂತೋಷ. ಯಾರಾದರೂ ಸೊಪೊದ ಮೇಲೆ ವಾರೆಯಾಗಿ ರಸ್ತೆ ನೋಡುತ್ತ ಕೂತರೆ ಮಾತ್ರ ಬಿಡುತ್ತಿರಲಿಲ್ಲ.

"ಎದುರು ಕೂತ್ಕೊ. ಬಾಯಿ ಕಾಣಬೇಕು. ಬಾಯಿ ಕಂಡ್ರೆ ಮಾತು ಕಲೀತದೆ, ಸುಳ್ಳು ಹೇಳೂಕೂ ಕಷ್ಟ ಆಗ್ತದೆ."

ಮಕ್ಕಳನ್ನು ಓಡಿಹೋಗದಂತೆ ದೊಡ್ಡವರ ನಡುವೆ ಕೂರಿಸಿಕೊಳ್ಳುತ್ತಿದ್ದರು. ಮನೆಯ ಕಿಟಕಿಗೆ ಗಾಜಿರಲಿಲ್ಲ. ಮರದ ಚೌಕಟ್ಟಿನಲ್ಲಿ ತೆಳ್ಳಗಿನ ಚಿಪ್ಪುಗಳನ್ನು ಸಾಲಾಗಿ ಸೇರಿಸಿದ್ದರು, ಒಳಗೆ ಹಾಲಿನಂಥ ಬೆಳಕು ಬೀಳುತ್ತಿತ್ತು. ಎರಡು ಚಿಪ್ಪು ಒಡೆದಾಗ, ಗಾಜು ಹಾಕಿಸಿದರೆ ಚೆನ್ನಾಗಿ ಬೆಳಕು ಬರುತ್ತದೆ ಎಂದೆ. ಬೆಳಕು ಬೇಕಾದವನು ಅಂಗಳಕ್ಕೆ ಹೋಗಲಿ ಎಂದರು. ಗೋವೆಯಿಂದ ಬರುವವರ ಕೈಯಲ್ಲಿ ಚಿಪ್ಪು ತರಿಸಲು ಮಳೆಗಾಲ ಕಳೆಯಬೇಕಾಯಿತು. ಅಲ್ಲಿಯವರೆಗೆ ಆ ತೂತುಗಳಿಗೆ ಗೋಣಿ ತುರುಕಿದ್ದರು, ಗಾಜು ಬರಲಿಲ್ಲ.

ಹೀಗಿರುವಾಗ ರಸ್ತೆ ಅಗಲ ಮಾಡುವ ಸುದ್ದಿ ಬಂತು. ಬಂದರಿನ ಕಡೆಗೆ ಲಾರಿಗಳು ಹೋಗಬೇಕು, ಓಣಿಯಲ್ಲಿ ಎರಡು ಗಾಡಿ ಎದುರಾದರೆ ಒಂದು ಹಿಂದೆ ಸರಿಯಬೇಕಾಗುತ್ತಿತ್ತು. ರಸ್ತೆಯ ಕೆಲಸ ನೋಡುತ್ತಿದ್ದ ಕಚೇರಿಯವರು ಅಳತೆ ಮಾಡಿ, ಮುಂದೆ ಚಾಚಿದ ಮೆಟ್ಟಿಲು, ಜಗಲಿ, ಬಲ್ಕಾಂವ್ ಎಲ್ಲದಕ್ಕೂ ಸುಣ್ಣದಲ್ಲಿ ಗೆರೆ ಎಳೆದು ಹೋದರು. ಮಾಯ್ ಮನೆಯ ಬಲ್ಕಾಂವ್ ಪೂರ್ತಿಯಾಗಿ ಗೆರೆಯ ಆಚೆ ಬಿತ್ತು. ನ್ಯಾಯವಾಗಿ ನೋಡಿದರೆ ಅದು ರಸ್ತೆಯ ಜಾಗವೇ. ಗಂಡ ಕಟ್ಟುವಾಗ ಅಲ್ಲಿ ಗೆರೆಯೂ ಇರಲಿಲ್ಲ, ಕೇಳುವವರೂ ಇರಲಿಲ್ಲ.

ಓವರ್‌ಸಿಯರ್ ಧಾರವಾಡದ ಕಡೆಯವರು, ಸೈಕಲ್ಲಿನ ಮೇಲೆ ಬರುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಸೊಪೊದ ಎದುರಿಗೆ ನಿಂತು ಸಮಾಧಾನವಾಗಿಯೇ ಹೇಳಿದರು.

"ಬಾಯಿ, ಇದು ಸರಕಾರದ ಜಾಗಾ ಅದ. ನೀವಾಗಿ ತಗದ್ರ ಕಲ್ಲರ ಉಳೀತಾವ."

"ನಾನಾಗಿ ತೆಗೀದಿಲ್ಲ" ಎಂದರು ಮಾಯ್.

ಅರ್ಜಿ ಬರೆದುಕೊಡುತ್ತೇನೆಂದು ನಾನು ಅವತ್ತು ಸಂಜೆ ಹೇಳಿದೆ. ಬೇಡವೆಂದರು. ಅರ್ಜಿ ಕೊಟ್ಟರೆ ಬೇಡುತ್ತಿದ್ದೇವೆಂದು ಅವರು ತಿಳಿಯುತ್ತಾರೆ, ಕೊಡದಿದ್ದರೆ ಏನು ತಿಳಿಯಬೇಕೆಂದು ಅವರಿಗೇ ಗೊತ್ತಾಗುವುದಿಲ್ಲ, ಅದೇ ಒಳ್ಳೆಯದು ಎಂದರು.

ಉಳಿದ ಮನೆಯವರು ತಮ್ಮ ತಮ್ಮ ಮೆಟ್ಟಿಲು ತೆಗೆಸಿಕೊಂಡರು. ಮಾಯ್ ಮನೆಗೆ ಕೂಲಿಯವರು ಬಂದ ಬೆಳಿಗ್ಗೆ ನಾನಿನ್ನೂ ಶಾಲೆಗೆ ಹೊರಟಿರಲಿಲ್ಲ. ಮಾಯ್ ಪಾಂವಿನ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಎಡಗಡೆಯ ಸೊಪೊದ ಮೇಲೆ ಕೂತಿದ್ದರು. ಏಳಲಿಲ್ಲ. ಬೇಕಾದರೆ ಬಲಗಡೆಯಿಂದ ಶುರುಮಾಡಿ ಎಂದು ಮುಕಾದಮ ಕೂಲಿಯವರಿಗೆ ಹೇಳಿದ. ಗುದ್ದಲಿ ಹಿಡಿದು ಮುಂದೆ ನಿಂತಿದ್ದವನನ್ನು ನಾನು ತಟ್ಟನೆ ಗುರುತು ಹಿಡಿದೆ. ಅವನು ನಮ್ಮ ದೊಡ್ಡಪ್ಪನ ಮಗ.

ಸುಂಕಸಾಳದ ಕಡೆ ಅವನ ಗದ್ದೆ ಮನೆ ಎರಡೂ ಕರ ಕೊಡದ್ದಕ್ಕೆ ಹರಾಜಾಗಿದ್ದವು. ತಗ್ಗಿ ನಡೆದರೆ ಅದೇ ಗದ್ದೆಯನ್ನು ಗೇಣಿಗೆ ಕೊಡುತ್ತೇನೆಂದು ಹರಾಜಿನಲ್ಲಿ ಹಿಡಿದವನು ಹೇಳಿಕಳಿಸಿದ್ದ. ನನ್ನ ಗದ್ದೆಯನ್ನು ನಾನೇ ಗೇಣಿಗೆ ಹಿಡಿಯುವುದೇ ಎಂದು ಇವನು ಹೆಂಡತಿ ಮಕ್ಕಳೊಂದಿಗೆ ಕಾರವಾರದ ಪಕ್ಕದ ಶಿರವಾಡಕ್ಕೆ ಬಂದು ಕೂಲಿ ಮಾಡಿಕೊಂಡಿದ್ದ. ಮಣ್ಣು ಕಲ್ಲಿನ ಕೆಲಸ ಬಲ್ಲವನಾದ್ದರಿಂದ ರಸ್ತೆಯ ತಂಡದಲ್ಲಿ ಸೇರಿದ್ದನೆಂದು ನನಗೆ ಗೊತ್ತಿತ್ತು, ಈ ಓಣಿಗೇ ಬರುತ್ತಾನೆಂದು ಗೊತ್ತಿರಲಿಲ್ಲ.

ಅವನು ಬಲಗಡೆಯ ಸೊಪೊವನ್ನು ನೋಡಿದ, ಮಾಯ್ ಮುಖ ನೋಡಿದ, ಗುದ್ದಲಿಯನ್ನು ನೆಲಕ್ಕೆ ಇಳಿಸಿದ.

"ನಮ್ಮ ಜಗಲಿಗೂ ಹಿಂಗೇ ಬಂದಿದ್ರು. ನನ್ನ ಕೈಲಿ ಆತಿಲ್ಲ" ಎಂದು ಮುಕಾದಮನಿಗೆ ಹೇಳಿದ.

ಉಳಿದ ಕೂಲಿಯವರೂ ಹೆಚ್ಚಾಗಿ ನಮ್ಮ ಕಡೆಯವರೇ. ಯಾರೂ ಗುದ್ದಲಿ ಎತ್ತಲಿಲ್ಲ. ಅವತ್ತು ತಂಡ ಹಿಂದೆ ಹೋಯಿತು. ಅವನನ್ನು ಸಂಜೆಯೇ ಕೆಲಸದಿಂದ ತೆಗೆದರು. ಸುದ್ದಿ ತಿಳಿದ ಮಾಯ್ ನನ್ನ ಕೈಗೆ ಒಂದು ಪೊಟ್ಟಣ ಕೊಟ್ಟು ಶಿರವಾಡಕ್ಕೆ ಕಳಿಸಿದರು, ಪಾಂವು. ಅವನ ಮನೆಯಲ್ಲಿ ಯಾರೂ ಕಳ್ಳಿನ ಮಾತೆತ್ತಲಿಲ್ಲ. ನಾನೂ ಅವರ ಜೊತೆ ಕೂತು ಬೆಲ್ಲದ ನೀರಿನಲ್ಲಿ ಅದ್ದಿಕೊಂಡು ತಿಂದೆ.

ಆಮೇಲೆ ಮಾಯ್ ತಮ್ಮ ವ್ಯಾಪಾರವನ್ನೆಲ್ಲ ಸೊಪೊದ ಮೇಲೆಯೇ ಮಾಡತೊಡಗಿದರು. ಒಲೆಯ ಬಳಿ ಹೋಗುವಾಗ ಹಡಗಿನವನ ಹೆಂಡತಿಯನ್ನು ಕೂರಿಸಿ ಹೋಗುತ್ತಿದ್ದರು. ಆದರೆ ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲ ಶುರುವಾಗುವ ಬೂದಿ ಬುಧವಾರದ ದಿನ ಇಡೀ ಓಣಿ ಇಗರ್ಜಿಯಲ್ಲಿರುತ್ತದೆ. ಅದು ಕಚೇರಿಗೂ ಗೊತ್ತಿತ್ತು. ಬೇರೆ ಊರಿನಿಂದ ತರಿಸಿದ ಕೂಲಿಗಳು ಪೂಜೆಯ ಹೊತ್ತಿನಲ್ಲೇ ಬಂದರು.

ನಾನು ಶಾಲೆಯಿಂದ ಓಡಿಬಂದಾಗ ಬಲ್ಕಾಂವ್ ಇರಲಿಲ್ಲ. ಹಂಚು ಒಂದು ಕಡೆ, ಕಲ್ಲು ಒಂದು ಕಡೆ ರಾಶಿಯಾಗಿತ್ತು. ಮುಂಬಾಗಿಲು ನೆಲಕ್ಕಿಂತ ಸೊಂಟದೆತ್ತರದಲ್ಲಿ, ಮೆಟ್ಟಿಲಿಲ್ಲದೆ, ಗಾಳಿಯಲ್ಲಿ ತೂಗುವಂತೆ ಕಾಣುತ್ತಿತ್ತು. ಮಾಯ್ ರಸ್ತೆಯ ಮಧ್ಯ ನಿಂತಿದ್ದರು. ಪಾದ್ರಿ ಹಚ್ಚಿದ ಬೂದಿಯ ಶಿಲುಬೆ ಹಣೆಯ ಮೇಲೆ ಹಾಗೇ ಇತ್ತು. ಅಳಲಿಲ್ಲ. ಕಲ್ಲನ್ನು ಗಾಡಿಗೆ ತುಂಬಲು ಹೊರಟ ಕೂಲಿಯನ್ನು ತಡೆದರು.

"ಜಾಗ ನಿಮ್ಮದು. ಕಲ್ಲು ನನ್ನದು" ಎಂದರು.

ಆ ಮಧ್ಯಾಹ್ನವೆಲ್ಲ ಒಂದೊಂದೇ ಚಿರೆಕಲ್ಲನ್ನು ಹಿತ್ತಲಿಗೆ ಸಾಗಿಸಿದರು. ನಾನು ಹೊತ್ತೆ, ಬ್ಯಾಂಡಿನವರು ಹೊತ್ತರು. ದರ್ಜಿ ಮಾತ್ರ ಕೈಕಟ್ಟಿಕೊಂಡು ನಿಂತಿದ್ದ. ಅವನ ದುಃಖ ಬೇರೆ.

ಈಸ್ಟರ್ ಮುಗಿದ ವಾರ ಅವನ ಮಗಳ ಮದುವೆ ನಿಶ್ಚಯವಾಗಿತ್ತು. ಮದುವೆಗೆ ಮುನ್ನ ಇವರಲ್ಲಿ ರೋಸ್ ಎಂಬ ಶಾಸ್ತ್ರವಿದೆ. ಮದುಮಗಳನ್ನು ಕೂರಿಸಿ ತೆಂಗಿನಕಾಯಿಯ ಹಾಲು ಹಚ್ಚಿ, ಹೆಂಗಸರು ಸುತ್ತ ನಿಂತು ಹಾಡಿ, ಮೀಯಿಸುತ್ತಾರೆ. ಆ ಓಣಿಯ ಹೆಣ್ಣುಮಕ್ಕಳ ರೋಸ್ ಎಲ್ಲ ನಡೆದದ್ದು ಮಾಯ್ ಮನೆಯ ಬಲ್ಕಾಂವಿನಲ್ಲಿ. ಎರಡು ಸೊಪೊಗಳಲ್ಲಿ ಹೆಂಗಸರು ಎದುರುಬದುರು ಕೂರಬೇಕು, ಒಂದು ಕಡೆಯವರು ನುಡಿ ಎತ್ತಿದರೆ ಇನ್ನೊಂದು ಕಡೆಯವರು ಹಿಡಿಯಬೇಕು. ದರ್ಜಿಯ ಮನೆಯೆಂದರೆ ಒಂದು ಕೋಣೆ, ಅದರಲ್ಲಿ ಹೊಲಿಗೆ ಯಂತ್ರ, ಉಳಿದದ್ದರಲ್ಲಿ ಸಂಸಾರ.

ಅವನು ಒಂದು ದಿನ ಬಂದು ಮಾಯ್ ಎದುರು ನಿಂತು, ರೋಸ್ ಇಲ್ಲದೆಯೇ ಮದುವೆ ಮಾಡುತ್ತೇನೆಂದು ಕೊಂಕಣಿಯಲ್ಲಿ ಹೇಳಿದ. ಗೋವೆಯಲ್ಲಾದರೆ ಜನ ಆಡಿಕೊಳ್ಳುತ್ತಿದ್ದರು, ಇಲ್ಲಿ ಏನು ಮಾಡಿದರೂ ನಡೆಯುತ್ತದೆ ಎಂದ. ಮಾಯ್ ಕೈಯಲ್ಲಿದ್ದ ಹಿಟ್ಟನ್ನು ಹಲಗೆಗೆ ಅಪ್ಪಳಿಸಿದರು. ಇಲ್ಲಿ ನಡೆಯುತ್ತದೆ, ಇಲ್ಲಿ ನಡೆಯುತ್ತದೆ ಎಂದುಕೊಂಡೇ ಒಂದೊಂದನ್ನೂ ಬಿಡುತ್ತ ಬಂದಿದ್ದೇವೆ, ಬಿಡುವುದಕ್ಕೆ ಇನ್ನೇನು ಉಳಿದಿದೆ ಹೇಳು ಎಂದು ಕೇಳಿದರು. ಇಗರ್ಜಿಯಲ್ಲಿ ಲ್ಯಾಟಿನ್, ಕಚೇರಿಯಲ್ಲಿ ಇಂಗ್ಲಿಷ್, ಮಕ್ಕಳಿಗೆ ಶಾಲೆಯಲ್ಲಿ ಈ ಮಾಸ್ತರನ ಕನ್ನಡ, ನಮ್ಮ ಹಾಡು ಎಲ್ಲಿ ಕೂರಬೇಕು ಎಂದರು.

ಅವನು ಹೋದ ಮೇಲೆ ಮಾಯ್ ಮುಂದಿನ ಕೋಣೆಗೆ ಹೋಗಿ ಬಹಳ ಹೊತ್ತು ನಿಂತಿದ್ದರು. ಅದೇ ಆ ಮನೆಯ ದೊಡ್ಡ ಕೋಣೆ. ಮದುವೆಯಲ್ಲಿ ತಂದ ಮಂಚ, ಗೋಡೆಗೆ ದೇವರ ಗೂಡು, ರಸ್ತೆಯ ಕಡೆ ಚಿಪ್ಪಿನ ಕಿಟಕಿಗಳು. ಹೊರಗೆ ಬಂದು ನನ್ನನ್ನು ಕರೆದು, ಶಿರವಾಡಕ್ಕೆ ಹೋಗಿ ನಿನ್ನ ಅಣ್ಣನನ್ನು ಕರೆದುಕೊಂಡು ಬಾ ಎಂದರು.

ಅಣ್ಣ ಬಂದ. ಮಾಯ್ ಅವನನ್ನು ಮುಂದಿನ ಕೋಣೆಯ ನಡುವೆ ನಿಲ್ಲಿಸಿ, ರಸ್ತೆಯ ಬದಿಯ ಗೋಡೆಯನ್ನು ತಟ್ಟಿ, ಇದನ್ನು ತೆಗೆಯಬೇಕು ಎಂದರು. ಆಮೇಲೆ ಮಂಚದ ಹಿಂದಿನ ಕಡೆ ಕೈ ತೋರಿಸಿ, ಇಲ್ಲಿ ಹೊಸ ಗೋಡೆ ಏಳಬೇಕು ಎಂದರು. ಅವನಿಗೆ ಮೊದಲು ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ.

"ಮುಂದಿನ ಕೋಣೆನೇ ಹೋತದಲ್ಲ ಮಾಯ್" ಎಂದ ಅವನು.

"ಹೋಗಲಿ. ಈ ಮಾಡಿನ ಅಡಿಗೇ ಬಲ್ಕಾಂವ್ ಆಗಬೇಕು. ಗೆರೆಯ ಈಚೆ ನನ್ನ ಜಾಗ. ನನ್ನ ಮನೆ ನಾನು ಒಡೆದ್ರೆ ಯಾರು ಕೇಳೂಕೆ ಬರ್ತಾರೆ?"

ಹಿತ್ತಲ ಕೋಣೆಯನ್ನು ಬಿಟ್ಟುಕೊಡುತ್ತೇನೆ, ನೀವು ಅಲ್ಲಿ ಮಲಗಬಹುದು ಎಂದು ನಾನು ಹೇಳಿದೆ. ಮಾಯ್ ಸಿಟ್ಟಾದರು. ಮನೆ ಚಿಕ್ಕದು ಮಾಡುತ್ತಿರುವುದು ಜನರನ್ನು ಹೊರಗೆ ಹಾಕುವುದಕ್ಕಲ್ಲ ಎಂದರು. ಮಂಚವನ್ನು ಬಿಚ್ಚಿ ಅಟ್ಟಕ್ಕೆ ಹಾಕಿಸಿದರು. ದೇವರ ಗೂಡು ಅಡುಗೆಮನೆಗೆ ಹೋಯಿತು. ತಾವು ಒಲೆಯ ಬದಿಯಲ್ಲಿ ಚಾಪೆ ಹಾಸಿಕೊಂಡರು. ಸೆಕೆಗಾಲದಲ್ಲಿ ಅದು ಎಂಥ ಜಾಗವೆಂದು ಕಾರವಾರದ ಸೆಕೆ ಬಲ್ಲವರಿಗೆ ಹೇಳಬೇಕಾಗಿಲ್ಲ.

ಕೆಲಸ ಸುಲಭದ್ದಾಗಿರಲಿಲ್ಲ. ಮುಂದಿನ ಗೋಡೆ ಮಾಡಿನ ಭಾರ ಹೊತ್ತಿತ್ತು. ಅದನ್ನು ತೆಗೆದು ಆ ಜಾಗದಲ್ಲಿ ಎರಡು ಕಂಬ ನಿಲ್ಲಿಸಬೇಕು, ಅಲ್ಲಿಯವರೆಗೆ ಮೇಲಿನ ತೊಲೆಯನ್ನು ತೆಂಗಿನ ಕಾಂಡದ ಆನಿಕೆಗಳ ಮೇಲೆ ಹಿಡಿದಿಡಬೇಕು. ಗೋಡೆಯ ಮೇಲಿನ ವರಸೆ ಬಿಚ್ಚಿದ ದಿನ ತೊಲೆ ಒಮ್ಮೆ ಕರಕರ ಎಂದಿತು. ಹಂಚಿನ ಸಂದಿಯಿಂದ ಧೂಳು ಸುರಿಯಿತು. ಒಂದು ಆನಿಕೆಯ ಬುಡ ಜಾರತೊಡಗಿತ್ತು. ಎಲ್ಲರೂ ಹೊರಗೆ ಓಡಿದೆವು. ತಿರುಗಿ ನೋಡಿದರೆ ಮಾಯ್ ಓಡಿರಲಿಲ್ಲ. ತಮ್ಮ ದಪ್ಪ ಹೆಗಲನ್ನು ಆ ಕಾಂಡಕ್ಕೆ ಕೊಟ್ಟು ನಿಂತಿದ್ದರು.

"ಬಿಟ್ಟು ಬನ್ನಿ ಮಾಯ್, ಮಾಡು ಬೀಳ್ತದೆ" ಎಂದ ಅಣ್ಣ.

"ಬೀಳೂದಾದ್ರೆ ಬೀಳಲಿ, ನಾ ಬಿಡೂದಿಲ್ಲ. ನೀ ಬುಡಕ್ಕೆ ಕಲ್ಲು ಕೊಡು."

ಅವನು ಒಳಗೆ ನುಗ್ಗಿ ಬುಡಕ್ಕೆ ಕಲ್ಲು ಕೊಟ್ಟು ಬೆಣೆ ಹೊಡೆದ. ತೊಲೆ ಸುಮ್ಮನಾಯಿತು. ಮಾಯ್ ಹೆಗಲಿನ ಮೇಲೆ ರವಿಕೆ ಹರಿದು ರಕ್ತ ಬಂದಿತ್ತು. ಅದನ್ನು ಒರೆಸಿಕೊಂಡು, ಎಲ್ಲರೂ ಓಡಿದಿರಲ್ಲ ಎಂದು ನಮಗೆ ಬೈದು, ಹಿಟ್ಟು ನಾದಲು ಹೋದರು. ಅಣ್ಣ ಆಮೇಲೆ ನನ್ನೊಡನೆ ಹೇಳಿದ. ಜಪ್ತಿಯವರು ಬಂದ ದಿನ ತನ್ನ ಮನೆಯಲ್ಲಿ ಇಂಥ ಒಂದು ಹೆಂಗಸು ಇದ್ದಿದ್ದರೆ ಪಾತ್ರೆಗಳನ್ನಾದರೂ ಉಳಿಸಿಕೊಳ್ಳುತ್ತಿದ್ದೆ ಎಂದ. ಅವನು ಹಾಗೆ ಮನಸ್ಸು ಬಿಚ್ಚಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅವನ ಗದ್ದೆ ಮರಳಿ ಕೈಗೆ ಬರಲು ಇನ್ನೂ ಹಲವು ವರ್ಷ ಬೇಕಾಯಿತು. ಆ ಹೊತ್ತಿಗೆ ಅವನ ಮಕ್ಕಳು ಕಾರವಾರದ ಕೊಂಕಣಿ ಕಲಿತಿದ್ದರು.

ತಪಸ್ಸಿನ ಕಾಲದ ಆ ವಾರಗಳಲ್ಲಿ ಓಣಿಯವರು ಒಬ್ಬೊಬ್ಬರೇ ಕೆಲಸಕ್ಕೆ ಬಂದು ಸೇರಿಕೊಂಡರು. ಬಂದರಿನವರು ನದಿಯ ಬದಿಯಿಂದ ಚಿಪ್ಪಿನ ಸುಣ್ಣ ತಂದರು. ಹಳೆಯ ಸೊಪೊದ ಕಲ್ಲುಗಳನ್ನೇ ಹಿತ್ತಲಿನಿಂದ ತಂದು ಹೊಸ ಸೊಪೊ ಎಬ್ಬಿಸಿದರು. ಮೆಟ್ಟಿಲು ರಸ್ತೆಗೆ ಚಾಚದ ಹಾಗೆ ಪಾಯದ ಒಳಕ್ಕೇ ಕೊರೆದರು. ಕೋಣೆಯ ಅಗಲವೆಲ್ಲ ಸಿಕ್ಕಿದ್ದರಿಂದ ಹೊಸ ಬಲ್ಕಾಂವ್ ಹಳೆಯದರ ಎರಡರಷ್ಟು ದೊಡ್ಡದಾಯಿತು. ದರ್ಜಿಯೂ ಬಂದ. ಗಾರೆ ಕಲಸಿದ. ನೀರು ಹೆಚ್ಚಾಯಿತು ಎಂದು ಮಾತ್ರ ಮಾಯ್ ಹೇಳಿದರು.

ಓವರ್‌ಸಿಯರ್ ಒಮ್ಮೆ ಟೇಪು ಹಿಡಿದು ಬಂದರು. ಗೆರೆಗೆ ಟೇಪು ಹಿಡಿದರು, ಮೆಟ್ಟಿಲಿಗೆ ಹಿಡಿದರು, ಕಂಬಗಳಿಗೆ ಹಿಡಿದರು. ಎಲ್ಲಿಯೂ ಏನೂ ಹೊರಗೆ ಬಂದಿರಲಿಲ್ಲ. ಟೇಪು ಸುತ್ತಿಕೊಳ್ಳುತ್ತ ಒಳಗೆ ಇಣುಕಿದರು. ಬಲ್ಕಾಂವಿನ ಹಿಂದೆ ಮನೆ ಎಂದು ಉಳಿದದ್ದು ಅಡುಗೆಮನೆ, ಒಲೆ, ನನ್ನ ಕೋಣೆ.

"ಮನೀನ ಹಾಳ ಮಾಡಿಕೊಂಡ್ರೆಲ್ಲ ಬಾಯಿ. ಮಲಗೂದೆಲ್ಲಿ?" ಎಂದರು. ನಿಜವಾಗಿ ಮರುಗಿಯೇ ಕೇಳಿದ್ದು.

"ಮಲಗೂಕೆ ಒಬ್ಬಳಿಗೆ ಎಷ್ಟು ಜಾಗ ಬೇಕು? ಎಲ್ಲರೂ ಕೂತ್ಕಳ್ಳೂಕೆ ಬೇಕಲ್ಲ, ಅದಕ್ಕೆ ಹೆಚ್ಚು ಬೇಕು" ಎಂದರು ಮಾಯ್. ಆಮೇಲೆ, ನಿನಗೂ ಬಿಡುವಾದರೆ ಬಾ ಎಂದರು.

ಈಸ್ಟರ್ ಬಂತು, ಹೋಯಿತು. ರೋಸ್ ಮಾಡುವ ಮಧ್ಯಾಹ್ನಕ್ಕೆ ಗಾರೆ ಇನ್ನೂ ಪೂರ್ತಿ ಒಣಗಿರಲಿಲ್ಲ, ಸೊಪೊಗಳ ಮೇಲೆ ಚಾಪೆ ಹಾಸಿದ್ದರು. ನಾನು ಶಾಲೆಗೆ ರಜೆ ಹಾಕಿದ್ದೆ. ಅಣ್ಣ ಹೆಂಡತಿಯನ್ನು ಕರೆದುಕೊಂಡು ಬಂದಿದ್ದ. ಗೋವೆಯವರಷ್ಟೇ ಬಂದಿದ್ದರೆ ಜಾಗ ಸಾಕಾಗುತ್ತಿತ್ತು. ಆದರೆ ಗೋಡೆ ಹಿಂದಕ್ಕೆ ಸರಿದ ಸುದ್ದಿ ಕಾರವಾರದಲ್ಲೆಲ್ಲ ಹಬ್ಬಿತ್ತು. ಪಾಂವು ಕೊಳ್ಳುವವರು, ಮೀನು ಮಾರುವವರು, ರಸ್ತೆಯ ತಂಡದಲ್ಲಿ ಗುದ್ದಲಿ ಎತ್ತದ ಆ ಕೂಲಿಯವರು, ಎಲ್ಲರೂ ನೋಡಲು ಬಂದಿದ್ದರು. ಸೊಪೊ ತುಂಬಿತು, ಮೆಟ್ಟಿಲು ತುಂಬಿತು. ಉಳಿದವರು ರಸ್ತೆಯಲ್ಲೇ ಕೂತರು. ಕೂತದ್ದು ಹಳೆಯ ಬಲ್ಕಾಂವ್ ಇದ್ದ ಜಾಗದಲ್ಲಿ.

ಮದುಮಗಳನ್ನು ನಡುವೆ ಕೂರಿಸಿದರು. ಮಾಯ್ ತೆಂಗಿನ ಹಾಲಿನ ಪಾತ್ರೆ ಹಿಡಿದು ಮೊದಲ ಬೊಗಸೆ ಅವಳ ನೆತ್ತಿಗೆ ಹೊಯ್ದರು. ಎಡಗಡೆಯ ಸೊಪೊದ ಮುದುಕಿಯೊಬ್ಬರು ನುಡಿ ಎತ್ತಿದರು, ಬಲಗಡೆಯವರು ಹಿಡಿದರು. ಹೀಗೆ ಸ್ವಲ್ಪ ದೂರ ಹೋಗಿರಬೇಕು, ರಸ್ತೆಯ ಆ ಕಡೆಯಿಂದ ಸೈಕಲ್ಲಿನ ಗಂಟೆ ಕೇಳಿಸಿತು. ಓವರ್‌ಸಿಯರ್. ಅವರ ಹಿಂದೆ ಬಂದರಿಗೆ ಹೋಗುವ ಒಂದು ಎತ್ತಿನ ಗಾಡಿ. ಹಾಡು ತಗ್ಗಿತು. ರಸ್ತೆಯಲ್ಲಿ ಕೂತವರಲ್ಲಿ ಕೆಲವರು ಏಳಲು ನೋಡಿದರು. ಬೇಗ ಮುಗಿಸಿಬಿಡೋಣ ಎಂದು ದರ್ಜಿ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು.

ಓವರ್‌ಸಿಯರ್ ಸೈಕಲ್ಲಿನಿಂದ ಇಳಿದರು. "ಬಾಯಿ, ರಸ್ತಾನ ಬಂದ್ ಆಗೇದ" ಎಂದರು.

ಮಾಯ್ ಪಾತ್ರೆಯನ್ನು ಪಕ್ಕದವರಿಗೆ ಕೊಟ್ಟು, ಮೊಣಕೈಯವರೆಗೆ ಹಾಲು ತೊಟ್ಟಿಕ್ಕುತ್ತಿದ್ದಂತೆಯೇ ಮೆಟ್ಟಿಲಿಳಿದು ಬಂದರು. ಕೂತವರ ನಡುವೆ ದಾರಿ ಮಾಡಿಕೊಂಡು ಸೈಕಲ್ಲಿನ ಎದುರಿಗೆ ನಿಂತರು. ನಾನು ಅಣ್ಣನ ತೋಳು ಹಿಡಿದುಕೊಂಡೆ.

"ನನ್ನ ಗಂಡ ಕಟ್ಟಿದ ಸೊಪೊ ಇಲ್ಲೇ ಇತ್ತು. ಅದು ಕಲ್ಲು, ನೀ ಒಡೆದೆ. ಇವರು ಕಲ್ಲಲ್ಲ. ಹಾಡು ಮುಗಿದ ಮೇಲೆ ಏಳ್ತಾರೆ" ಎಂದರು. ದನಿ ಎತ್ತರಿಸಲಿಲ್ಲ.

ಓವರ್‌ಸಿಯರ್ ಕೂತವರ ಕಡೆ ನೋಡಿದರು. ಏಳಲು ನೋಡಿದವರು ಮತ್ತೆ ಗಟ್ಟಿಯಾಗಿ ಕೂತಿದ್ದರು. ಅವರು ಸೈಕಲ್ಲನ್ನು ಎದುರುಮನೆಯ ಗೋಡೆಗೆ ಒರಗಿಸಿ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತರು. ಗಾಡಿಯವನು ಇಳಿದು ಎತ್ತುಗಳ ಕೊರಳಿನ ಹಗ್ಗ ಸಡಿಲ ಮಾಡಿದ.

ಮಾಯ್ ಮೇಲೆ ಹೋಗಿ ಪಾತ್ರೆ ತೆಗೆದುಕೊಂಡರು. ಎರಡೂ ಸೊಪೊಗಳ ಕಡೆ ತಿರುಗಿ ಕೊಂಕಣಿಯಲ್ಲಿ ಒಂದು ಮಾತು ಹೇಳಿದರು. ಅಷ್ಟು ಹೊತ್ತಿಗೆ ನನಗೂ ಅವರ ಕೊಂಕಣಿ ತಿಳಿಯುತ್ತಿತ್ತು. ಒಂದು ನುಡಿಯನ್ನೂ ಬಿಡಬಾರದು, ಮೊದಲಿನಿಂದ ಹಾಡಿ ಎಂದಿದ್ದರು.

ಆ ಹಾಡಿನಲ್ಲಿ ಮದುಮಗಳ ತಾಯಿಗೊಂದು ನುಡಿ, ತಂದೆಗೊಂದು, ಅತ್ತೆ ಮಾವಂದಿರಿಗೊಂದು, ಬಿಟ್ಟುಬಂದ ಊರಿಗೊಂದು, ಸತ್ತ ಹಿರಿಯರಿಗೆ ಒಬ್ಬೊಬ್ಬರಿಗೂ ಒಂದೊಂದು. ಹೆಂಗಸರು ಯಾರನ್ನೂ ಬಿಡಲಿಲ್ಲ. ಹಾಡು ಮುಗಿಯುವ ಹೊತ್ತಿಗೆ ಗಾಡಿಗಳ ಸಾಲು ಮೀನುಪೇಟೆಯವರೆಗೆ ಹೋಗಿತ್ತು.